ಮೇಲೆ ಹೋದವರು ಮನೆ ಸೇರುವವರೆಗೆ

ಹೊಸೂರಿನ ಪಕ್ಕದ ಮೂಕಂಡಪಲ್ಲಿಯ ನಮ್ಮ ಬೀದಿಯಲ್ಲಿ ಚರಂಡಿ ಕೆಲಸ ನಡೆಯುತ್ತಿದೆ. ದೊಡ್ಡ ದೊಡ್ಡ ಸಿಮೆಂಟ್ ಪೈಪುಗಳನ್ನು ತಂದು ರಸ್ತೆಯ ಬದಿಗೆ ಉರುಳಿಸಿ ಹೋದವರು ಮತ್ತೆ ಈ ಕಡೆ ತಲೆಹಾಕಿಲ್ಲ. ಮೊನ್ನೆ ಸಂಜೆ ಹಾಲಿಗೆಂದು ಹೊರಟವಳು ಜೋರು ಮಳೆ ಹಿಡಿದುಕೊಂಡಿತೆಂದು ಅಂಗಡಿಯ ತಗಡಿನ ಕೆಳಗೆ ನಿಂತೆ. ಎದುರಿನ ಪೈಪಿನ ದುಂಡು ಬಾಯಲ್ಲಿ ಒಂದು ನಾಯಿಯ ಮುಖ ಕಾಣಿಸಿತು. ಕಿವಿ ನಿಮಿರಿಸಿಕೊಂಡು, ಹೊರಗೆ ಸುರಿಯುತ್ತಿದ್ದ ಮಳೆಯನ್ನೇ ನೋಡುತ್ತಿತ್ತು. ಒದ್ದೆ ಸಿಮೆಂಟಿನ ವಾಸನೆಯ ಜೊತೆಗೆ ಒದ್ದೆ ನಾಯಿಯ ವಾಸನೆ ಗಾಳಿಯಲ್ಲಿ ತೇಲಿ ಬಂತು...

ಆ ದುಂಡಗಿನ ಬಾಯೊಳಗಿನ ಮುಖವನ್ನು ನಾನು ಹಿಂದೊಮ್ಮೆ ನೋಡಿದ್ದೆ. ನಮ್ಮೂರು ರಾಯಕೋಟೆಯ ಶಾಲೆಯಲ್ಲಿ, ಕಪ್ಪು ಹಲಗೆಯ ಮೇಲೆ, ಸೀಮೆಸುಣ್ಣದ ಚಿತ್ರವಾಗಿ. ಆ ಚಿತ್ರ ನೆನಪಾದರೆ ಅದನ್ನು ಬರೆದ ಮೇಷ್ಟ್ರು ನೆನಪಾಗುತ್ತಾರೆ. ಮೇಷ್ಟ್ರು ನೆನಪಾದರೆ ಅವರಿಗಿಂತ ಹೆಚ್ಚಾಗಿ ಅವರ ಹೆಂಡತಿ, ನಮ್ಮ ಪಕ್ಕದ ಮನೆಯ ಅತ್ತೆ.

ಅವರು ನನಗೆ ನಂಟರಲ್ಲ. ಕೋಟೆ ಬೆಟ್ಟದ ಕೆಳಗಿನ ಬೀದಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಹಾಗಾಗಿ ಅತ್ತೆ ಎಂದು ಕರೆದೆ, ಕೊನೆಯವರೆಗೂ ಹಾಗೆಯೇ ಕರೆದೆ. ಅವರ ಒಬ್ಬಳೇ ಮಗಳನ್ನು ಕೃಷ್ಣಗಿರಿಗೆ ಮದುವೆ ಮಾಡಿಕೊಟ್ಟಿದ್ದರು. ಮನೆಯಲ್ಲಿ ಗಂಡ ಹೆಂಡತಿ ಮತ್ತು ಒಂದು ಕೆಂಚು ನಾಯಿ. ನಾಯಿಯನ್ನು ಯಾರೂ ತಂದು ಸಾಕಿದ್ದಲ್ಲ, ಬೀದಿಯಲ್ಲಿದ್ದದ್ದು ತಾನಾಗಿಯೇ ಬಂದು ಸೇರಿಕೊಂಡಿತ್ತು.

ಅತ್ತೆಗೆ ಓದು ಬರುತ್ತಿರಲಿಲ್ಲ. ಬೆಂಗಳೂರಿನ ಪತ್ರಿಕೆ ಹೊಸೂರಿನ ಬಸ್ಸಿನಲ್ಲಿ ಮಧ್ಯಾಹ್ನದ ಮೇಲೆ ನಮ್ಮೂರು ತಲುಪುತ್ತಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಮೇಷ್ಟ್ರು ಜಗಲಿಯಲ್ಲಿ ಕೂತು ಅದನ್ನು ಗಟ್ಟಿಯಾಗಿ ಓದುವರು. ಅತ್ತೆ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೇಳುವರು. ಸುಮ್ಮನೆ ಕೇಳುವವರಲ್ಲ. ಯಾರೋ ಮಂತ್ರಿಯ ಭಾಷಣ ಬಂದರೆ, “ಈವಯ್ಯ ಹೋದ ವಾರವೂ ಇದನ್ನೇ ಅಂದಿದ್ದ ಅಲ್ವಾ?” ಎಂದು ತಡೆಯುವರು. ಮೇಷ್ಟ್ರು ನಗುವರು. ನಾನು ಗೋಡೆಗೆ ಒರಗಿ ಕೂತು ಕೇಳುತ್ತಿದ್ದೆ. ನನ್ನ ಎಷ್ಟೋ ವಿದ್ಯೆ ಶಾಲೆಯಲ್ಲಿ ಬಂದದ್ದಲ್ಲ, ಆ ಜಗಲಿಯಲ್ಲಿ ಬಂದದ್ದು.

ಮೇಷ್ಟ್ರಿಗೆ ರಷ್ಯಾ ಎಂದರೆ ಪ್ರಾಣ. ಆ ದೇಶದವರ ಮುಖವನ್ನೂ ಕಂಡವರಲ್ಲ. ನಮ್ಮ ಹಾಗೆಯೇ ಕೂಳಿಗೆ ಪರದಾಡಿದ ಜನ ಎದ್ದು ನಿಂತಿದ್ದಾರೆ, ನಾವೂ ನಿಲ್ಲಬಹುದು ಎಂಬ ಆಸೆ ಅವರದು. ನಮ್ಮ ಹೆಡ್ ಮೇಷ್ಟ್ರು ಅಮೆರಿಕಾದ ಕಡೆ. ಅವರ ಮನೆಮಾತು ತಮಿಳು. ದಿನವೂ ಹಣೆ ತುಂಬ ವಿಭೂತಿ ಇಟ್ಟುಕೊಂಡು ಶಾಲೆಗೆ ಬರುವವರು. “ದೇವರೇ ಇಲ್ಲ ಅನ್ನೋ ದೇಶ ಆಕಾಶಕ್ಕೆ ಹೋಗಿ ಯಾರನ್ನ ನೋಡ್ತದೆ ಸಾರ್?” ಎಂದು ಮೇಷ್ಟ್ರನ್ನು ಕೆಣಕುವರು. ಶಾಲೆಯಲ್ಲಿ ನಮಗೆ ಕುದಿಸಿ ಕೊಡುತ್ತಿದ್ದ ಹಾಲಿನ ಪುಡಿ ಅಮೆರಿಕಾದ್ದು. ನಮ್ಮ ಪುಸ್ತಕಗಳಿಗೆ ಹೊದಿಸಿದ್ದ ನುಣುಪಾದ ಬಣ್ಣದ ಕಾಗದ ಮೇಷ್ಟ್ರಿಗೆ ಅಂಚೆಯಲ್ಲಿ ಬರುತ್ತಿದ್ದ ರಷ್ಯಾದ ಪತ್ರಿಕೆಯದು. ಭೂಮಿಯ ಆ ಎರಡು ದೊಡ್ಡ ದೇಶಗಳು ನಮಗೆ ಪರಿಚಯವಾದದ್ದು ಹೀಗೆ, ಒಂದು ಹೊಟ್ಟೆಗೆ, ಇನ್ನೊಂದು ಪುಸ್ತಕದ ಚೀಲಕ್ಕೆ.

ರಷ್ಯಾದವರು ಮೊದಲ ಉಪಗ್ರಹ ಹಾರಿಸಿದಾಗ ನನಗೆ ಹತ್ತು ವರ್ಷ ಇರಬಹುದು. ಮೇಷ್ಟ್ರು ಮುಸ್ಸಂಜೆಯಲ್ಲಿ ನಮ್ಮನ್ನೆಲ್ಲ ಕೋಟೆಯ ದಾರಿಯ ಬಂಡೆಗಳ ಮೇಲೆ ಕೂರಿಸಿ ಆಕಾಶ ನೋಡಲು ಹೇಳಿದರು. ಒಂದು ಚುಕ್ಕೆ ನಿಧಾನಕ್ಕೆ ಸರಿದು ಹೋಯಿತು. ನಾನು ನೋಡಿದ್ದು ಅದನ್ನೋ ಬೇರೆ ಏನನ್ನೋ, ಇವತ್ತಿಗೂ ಖಾತ್ರಿಯಿಲ್ಲ... ಎಲ್ಲರೂ ಕಂಡೆವು ಎಂದು ಕೂಗಿದರು, ನಾನೂ ಕೂಗಿದೆ. ಅತ್ತೆಯೂ ಸೆರಗು ಹೊದ್ದು ಬಂದಿದ್ದರು. “ಮನ್ಸ ಮಾಡಿದ್ದಾ ಅದು? ನಿಜ್ವಾಗ್ಲೂ?” ಎಂದು ಮತ್ತೆ ಮತ್ತೆ ಕೇಳಿದರು. ಮೇಷ್ಟ್ರ ಮುಖದಲ್ಲಿ ಆ ದಿನ ಕಂಡ ಹೆಮ್ಮೆಯನ್ನು ಆಮೇಲೆ ನಾನು ಅವರ ಮುಖದಲ್ಲಿ ಕಾಣಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ರಷ್ಯಾದವರು ಮೇಲಕ್ಕೆ ಒಂದು ನಾಯಿಯನ್ನು ಕಳಿಸಿದರು. ಮೇಷ್ಟ್ರು ಹಲಗೆಯ ಮೇಲೆ ಅದನ್ನು ಕೂರಿಸಿ ಹಾರಿಸಿದ ದೊಡ್ಡ ಗೂಡು ಬರೆದು, ಅದರ ದುಂಡು ಕಿಟಕಿಯಲ್ಲಿ ಕಿವಿ ನಿಮಿರಿಸಿದ ನಾಯಿಯ ಮುಖ ಬರೆದರು. ಭೂಮಿಯನ್ನು ಸುತ್ತಿದ ಮೊದಲ ಜೀವ ಇದು ಎಂದರು. ಅದನ್ನು ಹೇಗೆ ಇಳಿಸುತ್ತಾರೆ ಎಂದು ಯಾರೋ ಕೇಳಿದರು. ಕೊಡೆಯಂಥ ಬಟ್ಟೆ ಬಿಚ್ಚಿಕೊಳ್ಳುತ್ತದೆ, ಮೆಲ್ಲಗೆ ಇಳಿಯುತ್ತದೆ ಎಂದರು. ಆ ಹೊತ್ತಿಗೆ ಅವರು ಅದನ್ನು ನಂಬಿದ್ದರು. ಸಂಜೆ ಜಗಲಿಯಲ್ಲಿ ಅತ್ತೆಗೂ ಅದನ್ನೇ ಹೇಳಿದರು. ಅದು ಮಾಸ್ಕೋದ ಬೀದಿಯಲ್ಲಿ ಸಿಕ್ಕಿದ ನಾಯಿ ಎಂದು ಓದಿದಾಗ ಅತ್ತೆ ತಮ್ಮ ಕೆಂಚು ನಾಯಿಯ ತಲೆ ಸವರಿ, “ನೋಡ್ದಾ, ನಿನ್ನ ಕುಲದೋಳು ಎಲ್ಲಿಗೆ ಹೋಗವ್ಳೆ” ಎಂದರು.

ಆಮೇಲಿನ ದಿನಗಳಲ್ಲಿ ಅವರು ಕೇಳುತ್ತಿದ್ದದ್ದು ಒಂದೇ, “ಇಳೀತಾ?” ಮೇಷ್ಟ್ರು “ಇಳೀತದೆ, ಇಳೀತದೆ” ಎನ್ನುವರು. ಯಾಕೋ ಅವರ ದನಿ ದಿನದಿಂದ ದಿನಕ್ಕೆ ಸಣ್ಣಗಾಗುತ್ತಿತ್ತು.

ಒಂದು ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಹೆಡ್ ಮೇಷ್ಟ್ರು ಎಲ್ಲರಿಗೂ ಕೇಳುವಂತೆ ಹೇಳಿದರು. “ಏನ್ ಸಾರ್, ನಾಯಿ ಇಳಿಸ್ತಾರೆ ಅಂತ ಮಕ್ಕಳಿಗೆ ಹೇಳಿದ್ರಂತೆ? ಇಳಿಸೋ ಏರ್ಪಾಡೇ ಇಲ್ಲವಂತಲ್ಲ! ಸಾಯೋಕ್ಕೇ ಕಳಿಸಿದಾರೆ.” ಮೇಷ್ಟ್ರು ತಲೆ ತಗ್ಗಿಸಿ ತರಗತಿಗೆ ನಡೆದರು. ನಾನು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವಳು ಮೊದಲು ಅತ್ತೆಯ ಮನೆಗೆ ಹೋಗಿ ಅದನ್ನು ಹೇಳಿದೆ. ಅವರು ರುಬ್ಬುವುದನ್ನು ನಿಲ್ಲಿಸಿ ಕೈ ತೊಳೆದುಕೊಂಡರು. “ನೀನು ಹೋಗಿ ಉಣ್ಣು ಮಗಾ” ಎಂದರು, ಅಷ್ಟೇ.

ಸಂಜೆ ಮೇಷ್ಟ್ರು ಪತ್ರಿಕೆ ಬಿಚ್ಚಿದಾಗ ಅತ್ತೆ ಕೇಳಿದರು.

“ಆ ನಾಯಿ ಬರಲ್ವಂತೆ?”

ಮೇಷ್ಟ್ರು ಕನ್ನಡಕ ತೆಗೆದರು.

“ನಿಮಗೆ ಯಾವಾಗ ಗೊತ್ತಾಯ್ತು?”

“ಮೂರ್ನಾಲ್ಕು ದಿನ ಆಯ್ತು. ಪೇಪರಿನಲ್ಲಿ ಬಂದಿತ್ತು. ನಿನಗೆ ಸಂಕಟ ಆಗ್ತದೆ ಅಂತ ಆ ಭಾಗ ಬಿಟ್ಟು ಓದಿದೆ ಕಣೇ.”

 ಅತ್ತೆ ದನಿ ಏರಿಸದೆ ಹೇಳಿದರು. “ನಂಗೆ ಓದಾಕೆ ಬರಲ್ಲ. ನೀವು ಓದಿದ್ದೇ ನಂಗೆ ಪೇಪರು. ಅದ್ರಾಗೂ ಬಿಟ್ಟು ಓದಿದ್ರೆ ನಾನು ಇನ್ನೇನ ನಂಬ್ಲಿ? ನನ್ನ ಮಾತಿರ್ಲಿ, ಆ ಮಕ್ಳಿಗೂ ಇಳೀತದೆ ಅಂದ್ರಲ್ಲ, ನಾಳೆ ಹೋಗಿ ನಿಜ ಹೇಳ್ಬುಡಿ.”

ಮರುದಿನ ಮೇಷ್ಟ್ರು ತರಗತಿಯಲ್ಲಿ ನಿಂತು ಹೇಳಿದರು, “ಮಕ್ಕಳೇ, ನಾನು ತಪ್ಪು ಹೇಳಿದೆ. ಆ ನಾಯಿ ವಾಪಸ್ ಬರೋದಿಲ್ಲ.” ಹಿಂದಿನ ಸಾಲಿನಿಂದ ಒಂದು ದನಿ, “ಅದಕ್ಕೆ ಗೊತ್ತಿತ್ತಾ ಸಾ?” ಎಂದಿತು.

“ಇಲ್ಲ,” ಎಂದರು ಮೇಷ್ಟ್ರು. “ಅದು ಅವರನ್ನ ನಂಬಿತ್ತು.” ಹಾಗೆಂದು ಕಿಟಕಿಯ ಕಡೆ ತಿರುಗಿ ನಿಂತರು. ಉಳಿದ ಹೊತ್ತು ಪಾಠ ನಡೆಯಲಿಲ್ಲ.

ಅಂದಿನಿಂದ ಅತ್ತೆ ಪತ್ರಿಕೆ ಕೇಳುವುದನ್ನು ನಿಲ್ಲಿಸಿದರು. ಜಗಳವಿಲ್ಲ, ಮುನಿಸಿಲ್ಲ. ಹೊತ್ತಿಗೆ ಸರಿಯಾಗಿ ಮುದ್ದೆ, ಸಾರು. ಜ್ವರ ಬಂದರೆ ಕಷಾಯ. ಮೇಷ್ಟ್ರು ಜಗಲಿಗೆ ಬಂದು ಕೂತ ಕೂಡಲೇ ಮಾತ್ರ ಅವರು ಹಿತ್ತಲಿಗೆ ಹೋಗುವರು. ಮೇಷ್ಟ್ರು ಒಬ್ಬರೇ ಮನಸ್ಸಿನಲ್ಲೇ ಓದಿಕೊಳ್ಳುವರು. ನಾನು ಹೋಗಿ ಕೂತರೂ ಗಟ್ಟಿಯಾಗಿ ಓದಲಿಲ್ಲ. ಗೋಡೆಯ ಈಚೆ ಕೂತ ನಮಗೆ ಆ ಮನೆಯ ಸಂಜೆಗಳಲ್ಲಿ ಪತ್ರಿಕೆಯ ಹಾಳೆ ಮಗುಚುವ ಸದ್ದು ಮಾತ್ರ ಕೇಳಿಸುತ್ತಿತ್ತು... ಹೀಗೂ ಒಬ್ಬರು ಒಬ್ಬರನ್ನು ದೂರ ಇಡಬಹುದು ಎಂದು ನನಗೆ ಆಗ ಗೊತ್ತಾಯಿತು.

ಎರಡು ಮೂರು ವರ್ಷ ಹಾಗೆಯೇ ಹೋಯಿತು. ಒಂದು ಮಧ್ಯಾಹ್ನ ಮೇಷ್ಟ್ರು ಬಸ್ ನಿಲ್ದಾಣದಿಂದ ಪಂಚೆ ಎತ್ತಿಕಟ್ಟಿ ಓಡಿಬಂದರು. ಬೀದಿಯವರೆಲ್ಲ ಯಾರಿಗೋ ಏನೋ ಆಯಿತೆಂದು ಹೊರಗೆ ಬಂದೆವು. ಅವರು ಬಾಗಿಲಲ್ಲೇ ನಿಂತು ಕೂಗಿದರು, “ಬಂದ್ವು ಕಣೇ! ಈ ಸಲ ಎರಡು ನಾಯಿ ಕಳಿಸಿದ್ರು. ಎರಡೂ ಜೀವಂತ ಬಂದ್ವು!”

ಅತ್ತೆ ಒಳಗಿಂದ ಬಂದು ಕಂಬ ಹಿಡಿದು ನಿಂತರು. ಅವರ ಮುಖ ಅರಳಿದ್ದು ನಾನು ಕಂಡೆ. ಆಮೇಲೆ ಕೇಳಿದರು, “ಆ ಮೊದ್ಲಿಂದು?”

 ಮೇಷ್ಟ್ರು ಪತ್ರಿಕೆಯನ್ನು ಕೆಳಗಿಳಿಸಿದರು. “ಅದು ಹೋಯ್ತು ಕಣೇ. ಅದಕ್ಕೆ ನಾವು ಏನೂ ಮಾಡೋಕಾಗಲ್ಲ.”

“ಅದನ್ನ ಅವತ್ತೇ ಅನ್ಬೌದಾಗಿತ್ತು,” ಎಂದರು ಅತ್ತೆ. ಒಳಗೆ ಹೋಗಿ ಒಂದು ಚೆಂಬು ನೀರು ತಂದು ಕೊಟ್ಟರು. ತಾವೂ ಜಗಲಿಯ ಮೇಲೆ ಕೂತು, “ಓದಿ, ಎಲ್ಲಾನೂ ಓದಿ,” ಎಂದರು.

ಮನೆಯೊಳಗೆ ಹೀಗೆ ಸರಿಹೋಯಿತು. ಶಾಲೆಯಲ್ಲಿ ಹಾಗಾಗಲಿಲ್ಲ. ರಷ್ಯಾದ ಮನುಷ್ಯ ಮೊದಲು ಆಕಾಶ ಸುತ್ತಿ ಬಂದಾಗ ಮೇಷ್ಟ್ರು ಅವನ ಪಟವನ್ನು ತರಗತಿಯ ಗೋಡೆಗೆ ತೂಗುಹಾಕಿದರು. ಹೆಡ್ ಮೇಷ್ಟ್ರು, ಮೇಲಿನವರ ಅಪ್ಪಣೆ ಇಲ್ಲದೆ ಇದೆಲ್ಲ ಕೂಡದು ಎಂದು ತೆಗೆಸಿದರು. ಆವತ್ತಿನಿಂದ ಇಬ್ಬರೂ ಶಾಲೆಯ ಕೆಲಸಕ್ಕೆ ಬೇಕಾದಷ್ಟು ಬಿಟ್ಟರೆ ಮಾತು ಬಿಟ್ಟರು. ಒಂದೇ ಬೀದಿಯ ಎರಡು ತುದಿಯಲ್ಲಿದ್ದವರು, ಒಬ್ಬರ ಮನೆಯ ಶುಭಕ್ಕೆ ಇನ್ನೊಬ್ಬರು ಹೋಗಲಿಲ್ಲ. ರಷ್ಯಾ ಗೆದ್ದ ದಿನ ಮೇಷ್ಟ್ರು ಇಸ್ತ್ರಿ ಅಂಗಿ ಹಾಕಿಕೊಂಡು ಶಾಲೆಗೆ ಬರುವರು. ಅಮೆರಿಕಾದ್ದು ಮೇಲಾದ ದಿನ ಹೆಡ್ ಮೇಷ್ಟ್ರು ಪ್ರಾರ್ಥನೆಯಲ್ಲಿ ಲೋಕಜ್ಞಾನದ ಭಾಷಣ ಮಾಡುವರು. ಊರಿನವರಿಗೆ ಅದೊಂದು ತಮಾಷೆಯಾಗಿತ್ತು. ಮತ್ಸರ ಎಲ್ಲಿಂದ ಎಲ್ಲಿಗೆ ಬಂದು ಬೇರು ಬಿಡುತ್ತದೆ ಎಂದು ಈಗ ಯೋಚಿಸುತ್ತೇನೆ. ಆ ಎರಡು ದೇಶಗಳಿಗೆ ರಾಯಕೋಟೆ ಎಂಬ ಹೆಸರೂ ಗೊತ್ತಿರಲಿಲ್ಲ.

ನಾನು ಟ್ರೈನಿಂಗ್ ಮುಗಿಸಿ ಅದೇ ಶಾಲೆಗೆ ಟೀಚರಾಗಿ ಸೇರಿದ ಹೊಸತು. ಜನವರಿ ಕೊನೆಯ ಚಳಿ. ಅಮೆರಿಕಾದ ಮೂವರು ಗಗನಯಾತ್ರಿಗಳು ನೆಲದ ಮೇಲೆಯೇ, ಪರೀಕ್ಷೆ ನಡೆಸುತ್ತಿದ್ದ ಗೂಡಿನೊಳಗೆ ಬೆಂಕಿ ಬಿದ್ದು ಸತ್ತರು ಎಂದು ಸುದ್ದಿ ಬಂತು. ಆ ದಿನ ಹೆಡ್ ಮೇಷ್ಟ್ರು ಪ್ರಾರ್ಥನೆಗೆ ಬರಲಿಲ್ಲ. ತಮ್ಮ ಕೋಣೆಯಲ್ಲಿ ಮೇಜಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

ಸಂಜೆ ಜಗಲಿಯಲ್ಲಿ ಮೇಷ್ಟ್ರು ಸುದ್ದಿ ಓದಿ ಮುಗಿಸಿದರು. ಈಗ ಅವರು ಒಂದಕ್ಷರವೂ ಬಿಡುತ್ತಿರಲಿಲ್ಲ. ಕೊನೆಗೆ ತಮ್ಮ ಮಾತನ್ನೂ ಸೇರಿಸಿದರು, “ಎಲ್ಲಾ ಆತುರ. ನಮ್ಮವರನ್ನ ಹಿಂದೆ ಹಾಕಬೇಕು ಅಂತ...”

“ನಮ್ಮೋರು ಅಂದ್ರೆ ಯಾರು?” ಎಂದರು ಅತ್ತೆ.  “ಏಳಿ, ಅಂಗಿ ಹಾಕ್ಕೊಳ್ಳಿ.”

“ಎಲ್ಲಿಗೆ?”

“ಹೆಡ್ ಮೇಷ್ಟ್ರ ಮನೆಗೆ. ಸಾವಾಗೈತೆ, ಮಾತಾಡಿಸ್ಕೊಂಡು ಬರಾನ.”

“ಸಾವು ಅವರ ಮನೇಲಾಗಿಲ್ಲ ಕಣೇ!”

“ಅವ್ರು ಗೆದ್ದಾಗ ಈವಯ್ಯ ಮನೇಲಿ ಹಬ್ಬ ಮಾಡ್ತಿರಲಿಲ್ವಾ? ಈಗ ಸತ್ತವ್ರೆ. ಈವಯ್ಯಂಗಲ್ದೆ ಈ ಊರಾಗೆ ಇನ್ಯಾರಿಗೆ ಹೋಗಿ ಹೇಳೋದು?”

ಅತ್ತೆ ನನ್ನನ್ನೂ ಎಬ್ಬಿಸಿದರು. ಮೂವರೂ ಬೀದಿ ದಾಟಿ ನಡೆದೆವು. ಮೇಷ್ಟ್ರು ಎರಡು ಸಲ ನಿಂತರು. ಅತ್ತೆ ತಿರುಗಿಯೂ ನೋಡಲಿಲ್ಲ. ಬಾಗಿಲು ತೆರೆದ ಹೆಡ್ ಮೇಷ್ಟ್ರು ನಮ್ಮನ್ನು ನೋಡಿ ಗಾಬರಿಯಾದರು. ಮಗಳಿಗೋ ಅಳಿಯನಿಗೋ ಏನಾದರೂ ಆಯಿತೇ ಎಂದು ಕೇಳಿದರು.

“ಏನಿಲ್ಲ ಸ್ವಾಮಿ,” ಎಂದರು ಅತ್ತೆ. “ಆ ಮೂರು ಹುಡುಗ್ರು... ಬೆಂಕೀಲಿ ಹೋದ್ರಂತಲ್ಲ. ಅದಕ್ಕೇ ಬಂದೋ.”

ಹೆಡ್ ಮೇಷ್ಟ್ರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಚಾಪೆ ಹಾಸಿದರು. ಕೂತೆವು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, “ಬಾಗಿಲು ಒಳಗಡೆಯಿಂದ ಬೇಗ ತೆರೆಯೋ ಹಾಗಿರಲಿಲ್ಲವಂತೆ ಸಾರ್,” ಎಂದರು. ಎಷ್ಟೋ ವರ್ಷದ ಮೇಲೆ, ಶಾಲೆಯ ಕೆಲಸದ್ದಲ್ಲದ, ಅವರು ಆಡಿದ ಮೊದಲ ಮಾತು. ಹೆಡ್ ಮೇಷ್ಟ್ರು ತಲೆಯಾಡಿಸಿದರು. ಅವರ ಹೆಂಡತಿ ಸೆರಗಿನಿಂದ ಕಣ್ಣು ಒತ್ತಿಕೊಂಡು, ತಮಿಳಿನಲ್ಲಿ “ಪಾವಂ” ಎಂದು ಮರುಗಿದರು.  ಹೊರಡುವಾಗ ಅತ್ತೆ ಎದ್ದು, ಸಾವಿನ ಮನೆಯಿಂದ ಹೊರಡುವವರ ಹಾಗೆ, “ಬತ್ತೀವಿ” ಎನ್ನದೆ ಸುಮ್ಮನೆ ಮೆಟ್ಟಿಲಿಳಿದರು. ಅದನ್ನು ಗಮನಿಸಿದ ಹೆಡ್ ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಅವರ ಕಣ್ಣಲ್ಲಿ ನೀರು ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಬೇಸಗೆ ಬಂತು. ಮಾವಿನಕಾಯಿ ಬಲಿಯುವ ಕಾಲ. ರಷ್ಯಾದ ಗಗನಯಾತ್ರಿ ಒಬ್ಬ ಮೇಲಿಂದ ಇಳಿಯುವಾಗ ಪ್ಯಾರಾಚೂಟು ಬಿಚ್ಚಿಕೊಳ್ಳದೆ ನೆಲಕ್ಕೆ ಅಪ್ಪಳಿಸಿ ಸತ್ತ. ಮೇಷ್ಟ್ರು ಆ ಸುದ್ದಿಯನ್ನು ಓದಲು ಹೊರಟು ಅರ್ಧಕ್ಕೆ ನಿಲ್ಲಿಸಿದರು. ಅತ್ತೆ ಒತ್ತಾಯಿಸಲಿಲ್ಲ. ಕತ್ತಲಾಗುವ ಮುಂಚೆ ಬೀದಿಯ ಆ ತುದಿಯಿಂದ ಹೆಡ್ ಮೇಷ್ಟ್ರು, ಹಿಂದೆ ಅವರ ಹೆಂಡತಿ, ಬರುವುದು ಕಾಣಿಸಿತು. ವಿಭೂತಿಯ ಕೆಳಗೆ ಮುಖ ಬಾಡಿತ್ತು. ಕರೆಯುವ ಮುಂಚೆಯೇ ಬಂದು ಜಗಲಿಯ ಮೇಲೆ ಮೇಷ್ಟ್ರ ಪಕ್ಕ ಕೂತರು.

“ಒಬ್ಬನೇ ಇದ್ದ ಸಾರ್ ಅದರಲ್ಲಿ,” ಎಂದರು. “ಪಕ್ಕದಲ್ಲಿ ಮಾತಿಗೆ ಕೂಡ ಒಬ್ಬರಿಲ್ಲ.”

ಮೇಷ್ಟ್ರು ಅತ್ತರು. ಸದ್ದು ಮಾಡಿ ಅತ್ತರು. ಅಷ್ಟು ವಯಸ್ಸಿನ ಗಂಡಸು ಜಗಲಿಯ ಮೇಲೆ ಕೂತು, ಹೆಸರೂ ಸರಿಯಾಗಿ ಬಾಯಿಗೆ ಹತ್ತದ ಯಾರಿಗೋ ಅಳುವುದನ್ನು ಬೀದಿಯವರು ನಿಂತು ನೋಡಿದರು. ಯಾರೂ ನಗಲಿಲ್ಲ. ಹೆಡ್ ಮೇಷ್ಟ್ರು ಅವರ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಇದ್ದರು. ಅತ್ತೆ ಒಳಗಿನ ಹೊಸ್ತಿಲ ಬಳಿ ಹೆಡ್ ಮೇಷ್ಟ್ರ ಹೆಂಡತಿಯ ಜೊತೆ ಕೂತು, “ಅವನ ಹೆಂಡ್ತಿಗೆ ಯಾರು ಹೋಗಿ ಹೇಳಿದ್ರೋ,” ಎಂದರು. ಆ ಹೆಂಗಸಿಗೆ ಕನ್ನಡ ಅಷ್ಟಾಗಿ ಬರದು, ಅತ್ತೆಗೆ ತಮಿಳು ಬರದು. ಇಬ್ಬರೂ ತೆಲುಗಿನಲ್ಲಿ ಮಾತಾಡಿಕೊಂಡರು.

ಆಮೇಲೆ ಸಂಜೆಯ ಪತ್ರಿಕೆಗೆ ಹೆಡ್ ಮೇಷ್ಟ್ರೂ ಬರತೊಡಗಿದರು. ವಾದ ನಿಲ್ಲಲಿಲ್ಲ. ಆದರೆ ಮೇಷ್ಟ್ರು ಹಟ ಬಿಟ್ಟು ಒಪ್ಪಿಕೊಂಡದ್ದೂ, ಹೆಡ್ ಮೇಷ್ಟ್ರು “ಅದರಲ್ಲಿ ನಿಮ್ಮವರೇ ಮೇಲು” ಎಂದದ್ದೂ ನನ್ನ ಕಿವಿಯಾರೆ ಕೇಳಿದೆ.

ಕೊನೆಗೆ ಅಮೆರಿಕಾದವರು ಚಂದ್ರನ ಮೇಲೆ ಇಳಿದರು. ಹೆಡ್ ಮೇಷ್ಟ್ರು ರೇಡಿಯೋ ಕೇಳಿ ಬಂದು, ಸಿಹಿ ಮಾಡಿ ಎಂದು ಅತ್ತೆಗೆ ಹೇಳಿದರು. ಮೇಷ್ಟ್ರೂ, “ಮಾಡೇ, ಸೋತವರ ಮನೇಲೇ ಮಾಡಬೇಕು” ಎಂದು ನಕ್ಕರು. ಅತ್ತೆ ಒಪ್ಪಲಿಲ್ಲ. “ಇಳಿದ್ರು ಸರಿ. ಏಳಬೇಕಲ್ಲ? ಮನೆ ಸೇರ್ಲಿ, ಆಮ್ಯಾಕೆ ಮಾಡ್ತೀನಿ,” ಎಂದರು. ಪ್ರಪಂಚವೆಲ್ಲ ಕುಣಿಯುತ್ತಿದ್ದಾಗ ನಮ್ಮ ಬೀದಿಯ ಆ ಒಂದು ಮನೆಯಲ್ಲಿ ಆ ಮೂವರು ಗಗನಯಾತ್ರಿಗಳೂ ವಾಪಸ್ ಬಂದು ಸಮುದ್ರಕ್ಕೆ ಇಳಿದು ಹಡಗು ಹತ್ತುವವರೆಗೆ ಬೆಲ್ಲದ ಡಬ್ಬ ತೆರೆಯಲಿಲ್ಲ. ಸುದ್ದಿ ಬಂದ ದಿನ ದೊಡ್ಡ ಪಾತ್ರೆಯಲ್ಲಿ ಕಡಲೆಬೇಳೆ ಪಾಯಸ ಮಾಡಿ, ಬೀದಿಗೆಲ್ಲ ಹಂಚಿಸಿದರು.

ನನಗೆ ಕೆಲಮಂಗಲಕ್ಕೆ ವರ್ಗವಾಯಿತು, ಮದುವೆಯಾಯಿತು. ಮೇಷ್ಟ್ರು ತೀರಿಕೊಂಡ ಮೇಲೆ ಅತ್ತೆ ಮಗಳ ಮನೆಗೆ ಕೃಷ್ಣಗಿರಿಗೆ ಹೋದರು. ಒಂದು ಸಲ ಹೋಗಿ ನೋಡಿದ್ದೆ. ಕಣ್ಣು ಮಂಜಾಗಿತ್ತು. ಮೊಮ್ಮಗಳು ಪತ್ರಿಕೆ ಓದಿ ಹೇಳುತ್ತಾಳೆ, ಆದರೆ ದೊಡ್ಡ ಅಕ್ಷರದ್ದು ಮಾತ್ರ ಓದಿ ಎದ್ದುಬಿಡುತ್ತಾಳೆ ಎಂದು ದೂರಿದರು. ಆ ಮಧ್ಯಾಹ್ನ ನಾನೇ ಕೂತು ಸಣ್ಣ ಅಕ್ಷರದ್ದನ್ನೂ ಓದಿದೆ. ಅವರು ಹೋದ ಸುದ್ದಿ ನನಗೆ ತಲುಪಿದಾಗ ಎಲ್ಲ ಕಾರ್ಯ ಮುಗಿದಿತ್ತು...

ಆ ಮೊದಲ ನಾಯಿ ಸತ್ತದ್ದು, ಆಗ ಹೇಳಿದ್ದ ಹಾಗೆ ಹಲವು ದಿನ ಇದ್ದು ನೋವಿಲ್ಲದೆ ಅಲ್ಲ, ಮೇಲೇರಿದ ಕೆಲವೇ ತಾಸುಗಳಲ್ಲಿ, ಸೆಕೆ ತಾಳದೆ ಎಂದು ರಷ್ಯಾದವರೇ ಬಹಳ ವರ್ಷಗಳ ಮೇಲೆ ಒಪ್ಪಿಕೊಂಡರು. ಅಂದರೆ ಅತ್ತೆ “ಇಳೀತಾ” ಎಂದು ದಿನವೂ ಕೇಳುತ್ತಿದ್ದಾಗ ಅದು ಆಗಲೇ ಸತ್ತಿತ್ತು. ಸತ್ತ ನಾಯಿಯನ್ನು ಹೊತ್ತು ಆ ಗೂಡು ತಿಂಗಳುಗಟ್ಟಲೆ ನಮ್ಮ ತಲೆಯ ಮೇಲೆ ಸುತ್ತಿತು. ಇದನ್ನು ಅತ್ತೆ ಕೇಳದೆ ಹೋದದ್ದು ಒಳ್ಳೆಯದಾಯಿತು ಎಂದು ಮೊದಲು ಅಂದುಕೊಂಡೆ. ಈಗ ಹಾಗನ್ನಿಸುವುದಿಲ್ಲ. ಅವರಿದ್ದಿದ್ದರೆ ನಾನು ಹೋಗಿ ಹೇಳಲೇಬೇಕಾಗಿತ್ತು.

ನಮ್ಮ ದೇಶದ ನೌಕೆ ಚಂದ್ರನ ಮೇಲೆ ಇಳಿದ ಸಂಜೆ ಈ ಬೀದಿಯವರೆಲ್ಲ ಒಂದೇ ಮನೆಯ ಟೀವಿಯ ಮುಂದೆ ಸೇರಿದ್ದೆವು. ಫ್ಯಾಕ್ಟರಿಯಿಂದ ಯೂನಿಫಾರಂನಲ್ಲೇ ಬಂದವರೂ ಇದ್ದರು. ಇಳಿದಾಗ ನಾನೂ ಚಪ್ಪಾಳೆ ತಟ್ಟಿದೆ, ಕಣ್ಣು ತುಂಬಿತು. ಅದಕ್ಕೆ ಕೆಲವೇ ದಿನ ಮೊದಲು ರಷ್ಯಾದ ನೌಕೆಯೂ ಅಲ್ಲಿಗೇ ಹೊರಟು ಚಂದ್ರನಿಗೆ ಅಪ್ಪಳಿಸಿ ಪುಡಿಯಾಗಿತ್ತು. ಮೇಲಿನ ಮನೆಯ ಹುಡುಗ ಅದನ್ನು ಎತ್ತಿ, “ರಷ್ಯಾದೋರು ಮುಂದೆ ಬರ್ತೀವಿ ಅಂತ ಹೋಗಿ ಢಮಾರ್ ಅಂದ್ಬುಟ್ರು ಅಜ್ಜಿ!” ಎಂದು ನಕ್ಕ. ಎಲ್ಲರೂ ನಕ್ಕರು. ಒಳ್ಳೆಯ ಹುಡುಗ, ಖುಷಿಯಲ್ಲಿ ಅಂದದ್ದು. ಅದರಲ್ಲಿ ಮನುಷ್ಯರೂ ಇರಲಿಲ್ಲ, ಯಾರೂ ಸತ್ತಿರಲಿಲ್ಲ. ಆದರೂ ಎಷ್ಟೋ ವರ್ಷ ಅದನ್ನು ಕೈಯಾರೆ ಮಾಡಿ ಕಳಿಸಿದವರು ಆ ದಿನ ಹೇಗೆ ಮನೆಗೆ ಹೋಗಿರಬಹುದು ಎಂದು ನನಗೆ ಅನ್ನಿಸಿತು.

ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಬೀದಿಯಲ್ಲಿ ಪಟಾಕಿ ಹಚ್ಚುತ್ತಿದ್ದರು. ಎರಡೂ ಕಡೆ ಮನೆಗಳಲ್ಲಿ ದೀಪ ಉರಿಯುತ್ತಿತ್ತು. ಎಲ್ಲ ನನಗೆ ಪರಿಚಯದ ಮನೆಗಳೇ. ಅತ್ತೆ ಅಂದು ಹೋದ ಹಾಗೆ ಯಾವ ಬಾಗಿಲಿಗೆ ಹೋಗಿ ಕೂತರೆ ನಾನು ಯಾಕೆ ಬಂದೆ ಎಂದು ಹೇಳದೆಯೂ ತಿಳಿಯುತ್ತದೆ ಎಂದು ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಮನೆಗೆ ಬಂದೆ.